ಜರಿಗಿಡಕ್ಕೆ ಒಂದೇ ಸ್ವಭಾವ ಎಲ್ಲಿದೆ?

ಪ್ರಶ್ನೆ: ನಾವು ಸಕಲೇಶಪುರದ ಹತ್ತಿರ ಸಣ್ಣ ಕಾಫಿ ತೋಟದವರು. ಮಗಳು ಹಾಸನದಲ್ಲಿ ಹಾಸ್ಟೆಲ್‌ನಲ್ಲಿದ್ದು ಎರಡನೇ ಪಿಯುಸಿ ಓದುತ್ತಿದ್ದಾಳೆ. ಈ ಸಲ ರಜೆಗೆ ಬಂದವಳು ಯಾರ ಜೊತೆಗೂ ಮಾತಿಲ್ಲ, ಕೋಣೆ ಬಿಟ್ಟು ಬರುವುದಿಲ್ಲ, ಊಟ ಅಷ್ಟಕ್ಕಷ್ಟೆ. ಒಬ್ಬ ಹೋಮಿಯೋಪತಿ ವೈದ್ಯರ ಹತ್ತಿರ ಕರೆದುಕೊಂಡು ಹೋದೆವು. ತುಂಬಾ ಹೊತ್ತು ಮಾತಾಡಿಸಿ, ‘ಇವಳದು ಜರಿಗಿಡದ ವ್ಯಕ್ತಿತ್ವ’ ಎಂದರು. ನೆರಳಲ್ಲಿರಲು ಇಷ್ಟ, ಹೂವಿನ ಹಾಗೆ ಎದ್ದು ಕಾಣಲು ಇಷ್ಟವಿಲ್ಲ, ಎಲ್ಲವನ್ನೂ ಮರೆಯಲ್ಲಿ ಬಚ್ಚಿಡುತ್ತಾಳೆ, ತನ್ನೊಳಗೇ ಸುರುಳಿ ಸುತ್ತಿಕೊಳ್ಳುತ್ತಾಳೆ, ಒಂಟಿಯಾಗಿರುತ್ತಾಳೆ, ಹಳೆಯದನ್ನು ಬಿಡುವುದಿಲ್ಲ ಎಂದು ವಿವರಿಸಿ, ಜರಿಯಿಂದ ಮಾಡಿದ್ದು ಎಂದು ಗುಳಿಗೆ ಕೊಟ್ಟಿದ್ದಾರೆ. ಕೇಳುವಾಗ ನಮ್ಮ ಮಗಳನ್ನೇ ನೋಡಿ ಬರೆದ ಹಾಗಿತ್ತು. ನಮ್ಮತ್ತೆ, ‘ಅದೇ ಗಿಡ ತೋಟದ ಚರಂಡಿ ತುಂಬ ಇದೆಯಲ್ಲ, ಕಷಾಯ ಮಾಡಿ ಕೊಡೋಣ’ ಅನ್ನುತ್ತಿದ್ದಾರೆ. ಗಿಡಕ್ಕೂ ಮನುಷ್ಯರ ಸ್ವಭಾವಕ್ಕೂ ಹೀಗೆ ಸಂಬಂಧ ಇರುತ್ತದೆಯೇ? ಕಷಾಯ ಕೊಡಬಹುದೇ? ಇದನ್ನೆಲ್ಲ ಕೇಳಿದ ಮೇಲೆ ಮಗಳು, ಜರಿಯನ್ನು ಮನೆಯಲ್ಲಿ ಬೆಳೆಸುವುದು ಹೇಗೆ ಎಂದೂ ಕೇಳಿದ್ದಾಳೆ.

ಉತ್ತರ: ತಾಯಿ, ಕಷಾಯದ ಮಾತನ್ನು ಮೊದಲು ಮುಗಿಸುತ್ತೇನೆ. ದಯವಿಟ್ಟು ಕೊಡಬೇಡಿ. ನಿಮ್ಮ ಅತ್ತೆಯವರ ಅಕ್ಕರೆ ನನಗೆ ಅರ್ಥವಾಗುತ್ತದೆ. ಮಲೆನಾಡಿನ ಹಿರಿಯರಿಗೆ ಸೊಪ್ಪುಸದೆಯ ತಿಳಿವಳಿಕೆ ನಮಗಿಂತ ಹೆಚ್ಚೇ ಇರುತ್ತದೆ. ಆದರೆ ಜರಿಯ ವಿಷಯದಲ್ಲಿ ಆ ತಿಳಿವಳಿಕೆ ಇರುವುದು ಒಂದೆರಡು ಜಾತಿಗಳ ಬಗ್ಗೆ ಮಾತ್ರ. ಕೊಡಗಿನಲ್ಲಿ ಮಳೆಗಾಲಕ್ಕೆ ತೆರ್ಮೆ ಸೊಪ್ಪು ಎಂದು ಎಳೆಯ ಸುರುಳಿಗಳನ್ನು ಕಿತ್ತು, ಬೇಯಿಸಿ ತಿನ್ನುತ್ತಾರೆ. ಅದು ತೊರೆಯಂಚಿನಲ್ಲಿ ಬೆಳೆಯುವ ಡಿಪ್ಲೇಜಿಯಮ್ ಎಂಬ ಒಂದು ಜರಿ, ಅವರಿಗೆ ಅದರ ಗುರುತು ಪಕ್ಕಾ. ಹಾಗೆಂದು ಸುರುಳಿ ಸುತ್ತಿದ್ದೆಲ್ಲ ತೆರ್ಮೆ ಆಗುವುದಿಲ್ಲ. ಎತ್ತರದ ಬಯಲು ಗುಡ್ಡಗಳಲ್ಲಿ ಹಬ್ಬುವ ಬ್ರ್ಯಾಕನ್ ಜರಿಯ ಸುರುಳಿಯೂ ನೋಡಲು ಚೆಂದ. ಅದನ್ನು ವರ್ಷಗಟ್ಟಲೆ ಮೇಯ್ದ ದನಗಳಿಗೆ ಮೂತ್ರದಲ್ಲಿ ರಕ್ತ ಬರುತ್ತದೆ, ಮೂತ್ರಕೋಶದಲ್ಲಿ ಗಡ್ಡೆಯಾಗುತ್ತದೆ. ಅದರಲ್ಲಿರುವ ಟಾಕ್ವಿಲೋಸೈಡ್ ಎಂಬ ವಿಷ ಹಾಲಿಗೂ ಇಳಿಯುತ್ತದೆ.

ಇನ್ನೊಂದು ಉದಾಹರಣೆ ಯುರೋಪಿನದು. ಅಲ್ಲಿ ‘ಗಂಡು ಜರಿ’ ಎಂದು ಕರೆಯುವ ಡ್ರಯೋಪ್ಟೆರಿಸ್‌ನ ಗೆಡ್ಡೆಯನ್ನು ಲಾಡಿಹುಳಕ್ಕೆ ಔಷಧಿಯಾಗಿ ಶತಮಾನಗಳ ಕಾಲ ಕೊಟ್ಟರು. 1775ರಲ್ಲಿ ಫ್ರಾನ್ಸಿನ ದೊರೆ ಹದಿನಾರನೇ ಲೂಯಿ ಆ ಗುಟ್ಟಿನ ಮದ್ದನ್ನು ಒಬ್ಬ ವಿಧವೆಯಿಂದ ದುಡ್ಡು ಕೊಟ್ಟು ಕೊಂಡು ಜನರಿಗೆ ತಿಳಿಸಿದ. ಹುಳು ಸಾಯುತ್ತಿದ್ದದ್ದು ನಿಜ. ಪ್ರಮಾಣ ಸ್ವಲ್ಪ ಹೆಚ್ಚಾದರೆ ರೋಗಿಯ ಕಣ್ಣು ಹೋಗುತ್ತಿತ್ತು, ಜೀವವೂ ಹೋಗುತ್ತಿತ್ತು. ಅದಕ್ಕಿಂತ ಸುರಕ್ಷಿತವಾದ ಮಾತ್ರೆಗಳು ಬಂದ ಮೇಲೆ ವೈದ್ಯರು ಅದನ್ನು ಕೈಬಿಟ್ಟರು. ಹಾಗಾಗಿ, ನಿಮ್ಮ ಚರಂಡಿಯಲ್ಲಿ ಬೆಳೆದದ್ದು ಯಾವ ಜರಿ ಎಂದು ನೋಡದೆ, ನೋಡಿದ ಮೇಲೂ, ಮಗುವಿಗೆ ಕುದಿಸಿ ಕುಡಿಸುವ ಮಾತು ಬೇಡ.

ವೈದ್ಯರು ಕೊಟ್ಟ ಗುಳಿಗೆಯ ಕಥೆ ಬೇರೆ. ಸೀಸೆಯ ಮೇಲೆ 30 ಅಥವಾ 200 ಎಂದು ಬರೆದಿದ್ದರೆ ಅದರಲ್ಲಿ ವಿಷವಾಗುವಷ್ಟು ಜರಿ ಇರುವುದಿಲ್ಲ. ಮೂಲ ಸಾರದ ಒಂದು ಪಾಲಿಗೆ ತೊಂಬತ್ತೊಂಬತ್ತು ಪಾಲು ಸ್ಪಿರಿಟ್ ಬೆರೆಸಿ ಕುಲುಕುವುದು ಒಂದು ಮೆಟ್ಟಿಲು. ಹೀಗೆ 30 ಮೆಟ್ಟಿಲಾದರೆ ಸಾರ ಉಳಿಯುವುದು 1ರ ಮುಂದೆ 60 ಸೊನ್ನೆ ಬರೆದಷ್ಟು ಪಾಲಿನಲ್ಲಿ ಒಂದು ಪಾಲು. ರಸಾಯನಶಾಸ್ತ್ರದ ಲೆಕ್ಕದಲ್ಲಿ 12ನೇ ಮೆಟ್ಟಿಲು ದಾಟುವಾಗಲೇ ಮೂಲವಸ್ತುವಿನ ಒಂದು ಅಣುವಾದರೂ ಉಳಿದಿರುವ ಸಂಭವ ತೀರಾ ಕಡಿಮೆ. ಸೀಸೆಯ ಮೇಲೆ ‘ಕ್ಯೂ’ ಅಥವಾ ಮದರ್ ಟಿಂಕ್ಚರ್ ಎಂದಿದ್ದರೆ ಮಾತ್ರ ಅದು ಗಿಡದ ನಿಜವಾದ ಸಾರ. ಆಗ ಯಾವ ಗಿಡ, ಎಷ್ಟು ಹನಿ ಎಂದು ವೈದ್ಯರನ್ನು ಬಾಯಿಬಿಟ್ಟು ಕೇಳಿ.

ಈಗ ವ್ಯಕ್ತಿತ್ವದ ವಿಷಯ. ನಾನು ವೈದ್ಯನಲ್ಲ, ಸಸ್ಯಶಾಸ್ತ್ರ ಪಾಠ ಮಾಡಿದವನು. ಜರಿಗಳ ಹಿಂದೆ ಬಿದ್ದು ಬಿಸಿಲೆ, ಚಾರ್ಮಾಡಿ, ಕೆಮ್ಮಣ್ಣುಗುಂಡಿಯ ಕಡೆಯೆಲ್ಲ ಅಲೆದವನು. ಆದ್ದರಿಂದ ನಿಮ್ಮ ಪ್ರಶ್ನೆಯಲ್ಲಿ ಗಿಡಕ್ಕೆ ಸಂಬಂಧಿಸಿದ ಭಾಗಕ್ಕೆ ಅಧಿಕಾರದಿಂದಲೇ ಉತ್ತರ ಹೇಳಬಲ್ಲೆ.

ಹೋಮಿಯೋಪತಿಯನ್ನು ಕಟ್ಟಿದ ಜರ್ಮನಿಯ ಹಾನೆಮನ್ ಗಿಡದ ಚಹರೆ ನೋಡಿ ಮದ್ದು ನಿರ್ಧರಿಸುವುದನ್ನು ಒಪ್ಪಿದವನಲ್ಲ. ಅವನಿಗಿಂತ ಮುಂಚೆ ಯುರೋಪಿನಲ್ಲಿ ಆ ನಂಬಿಕೆ ಬಲವಾಗಿತ್ತು: ಹಳದಿ ರಸದ ಗಿಡ ಕಾಮಾಲೆಗೆ, ಶ್ವಾಸಕೋಶದಂತೆ ಚುಕ್ಕೆಯಿರುವ ಎಲೆ ಕೆಮ್ಮಿಗೆ, ಹೀಗೆ ದೇವರು ಗಿಡದ ಮೇಲೆಯೇ ಗುರುತು ಬರೆದಿಟ್ಟಿದ್ದಾನೆ ಎಂದು. ಜರಿಗೂ ಅಂಥದೊಂದು ಕಥೆ ಅಂಟಿಕೊಂಡಿತ್ತು. ಹೂವಿಲ್ಲ, ಬೀಜ ಕಾಣುವುದಿಲ್ಲ, ಆದರೂ ಮರಿ ಹುಟ್ಟುತ್ತದೆ. ಅಂದಮೇಲೆ ಅದರ ಬೀಜ ಅದೃಶ್ಯವಾಗಿರಬೇಕು, ಅದನ್ನು ಜೇಬಿನಲ್ಲಿಟ್ಟುಕೊಂಡವನೂ ಅದೃಶ್ಯನಾಗುತ್ತಾನೆ ಎಂದು ನಂಬಿದ್ದರು. 1794ರಲ್ಲಿ ಜಮೈಕಾದಲ್ಲಿದ್ದ ಜಾನ್ ಲಿಂಡ್ಸೆ ಎಂಬ ವೈದ್ಯ ಜರಿಯ ಎಲೆಯಡಿಯ ಪುಡಿಯನ್ನು ಬಿತ್ತಿ ಅದರಿಂದ ಮರಿಗಿಡ ಬರುವುದನ್ನು ಬರೆದಿಟ್ಟ. 1851ರಲ್ಲಿ ಜರ್ಮನಿಯ ಹೋಫ್‌ಮೈಸ್ಟರ್ ಜರಿಯ ಪೂರ್ತಿ ಜೀವನಚಕ್ರ ಬಿಡಿಸಿಟ್ಟ ಮೇಲೆ ಅದೃಶ್ಯ ಬೀಜದ ಮಾತಿಗೆ ಜಾಗವೇ ಉಳಿಯಲಿಲ್ಲ.

ಹಾನೆಮನ್ ಹೇಳಿದ್ದು, ವಸ್ತುವನ್ನು ಆರೋಗ್ಯವಂತರಿಗೆ ಕೊಟ್ಟು ಅವರಲ್ಲಿ ಏನೇನು ಲಕ್ಷಣ ಕಾಣುತ್ತದೆ ಎಂದು ಬರೆದುಕೊಳ್ಳಬೇಕು, ಅಂಥದೇ ಲಕ್ಷಣವಿರುವ ರೋಗಿಗೆ ಅದನ್ನು ಕೊಡಬೇಕು ಎಂದು. ಆ ಪರೀಕ್ಷೆಗಳು ಇಂದಿನ ಅಳತೆಗೆ ನಿಲ್ಲುವುದಿಲ್ಲ. ಖಾಲಿ ಸಕ್ಕರೆ ಗುಳಿಗೆ ನುಂಗಿದ ಇನ್ನೊಂದು ಗುಂಪಿಗೆ ಹೋಲಿಸದೆ, ಮದ್ದಿನಿಂದ ಬಂದ ಲಕ್ಷಣ ಯಾವುದು, ಸುಮ್ಮನೆ ಬಂದದ್ದು ಯಾವುದು ಎಂದು ಬೇರೆ ಮಾಡಲಾಗುವುದಿಲ್ಲ. ಆದರೂ ಅವನು ಇಟ್ಟುಕೊಂಡದ್ದು ಒಂದು ನಿಯಮ.

ನಿಮ್ಮ ವೈದ್ಯರು ಹೇಳಿದ ಗಿಡದ ವ್ಯಕ್ತಿತ್ವ ಬಂದದ್ದು ತೀರಾ ಈಚೆಗೆ. ಮುಂಬೈಯ ಹೋಮಿಯೋಪತಿ ವೈದ್ಯ ರಾಜನ್ ಶಂಕರನ್ 2000ದ ಆಸುಪಾಸಿನಲ್ಲಿ, ಒಂದೊಂದು ಸಸ್ಯ ಕುಟುಂಬಕ್ಕೂ ಒಂದೊಂದು ಮೂಲ ಸಂವೇದನೆ ಇದೆ ಎಂಬ ವಿಚಾರ ಬೆಳೆಸಿದರು. ಸೂರ್ಯಕಾಂತಿಯ ಕುಟುಂಬಕ್ಕೆ ಪೆಟ್ಟು ತಿಂದ, ಗಾಯಗೊಂಡ ಭಾವ ಎಂಬಂತೆ. ನೆದರ್‌ಲ್ಯಾಂಡ್ಸ್‌ನ ಯಾನ್ ಸ್ಕೋಲ್ಟೆನ್ ಇನ್ನೂ ಮುಂದೆ ಹೋಗಿ, ರಸಾಯನಶಾಸ್ತ್ರದ ಧಾತುಗಳ ಕೋಷ್ಟಕದಿಂದ ಆರಂಭಿಸಿದ ತಮ್ಮ ವಿಂಗಡಣೆಯನ್ನು ಗಿಡಗಳಿಗೂ ಹಬ್ಬಿಸಿ, 2013ರ ಹೊತ್ತಿಗೆ ಸಸ್ಯಲೋಕಕ್ಕೆಲ್ಲ ಸಂಖ್ಯೆಯ ಗುರುತು ಕೊಟ್ಟರು. ಡಿಎನ್ಎ ನೋಡಿ ಸಸ್ಯಶಾಸ್ತ್ರಜ್ಞರು ಮಾಡಿದ ವರ್ಗೀಕರಣವನ್ನೇ ಅವರು ತಳಪಾಯವಾಗಿ ಬಳಸಿಕೊಂಡಿದ್ದಾರೆ. ಅಲ್ಲಿಯೇ ನನ್ನ ತಕರಾರು. ಎರಡು ಗಿಡ ಒಂದೇ ಕುಟುಂಬಕ್ಕೆ ಸೇರಿವೆ ಎಂದರೆ ಅವೆರಡಕ್ಕೂ ಒಬ್ಬ ಪೂರ್ವಜ ಇದ್ದ ಎಂದಷ್ಟೇ ಅರ್ಥ. ಅದರಿಂದ ಸಕಲೇಶಪುರದ ಹದಿನೇಳರ ಹುಡುಗಿಯ ಮನಸ್ಸಿನ ಬಗ್ಗೆ ಯಾವ ಸುಳಿವೂ ಸಿಗುವುದಿಲ್ಲ.

ಹಳೆಯ ಹೋಮಿಯೋಪತಿಯಲ್ಲೇ ನೋಡಿ. ಗಂಡು ಜರಿ ಅಲ್ಲಿಯೂ ಮುಖ್ಯವಾಗಿ ಹುಳಕ್ಕೇ. ಇಂದು ನಾವು ಜರಿಗಳ ಗುಂಪಿಗೇ ಸೇರಿಸುವ ಈಕ್ವಿಸೆಟಮ್ ಮೂತ್ರದ ತೊಂದರೆಗೆ. ಜರಿಯ ನೆಂಟ ಎಂದು ಬಹುಕಾಲ ಎಣಿಸಿದ್ದ ಲೈಕೊಪೋಡಿಯಮ್ ಅವರ ಅತಿ ಹೆಸರಾಂತ ಮದ್ದುಗಳಲ್ಲಿ ಒಂದು, ಹಾನೆಮನ್ 1828ರಲ್ಲೇ ಪ್ರಕಟಿಸಿದ್ದು. ಹೊಟ್ಟೆಯುಬ್ಬರ, ಸಂಜೆ ನಾಲ್ಕರಿಂದ ಎಂಟರವರೆಗೆ ಹೆಚ್ಚುವ ಬಾಧೆ, ಒಳಗೆ ಅಳುಕಿದ್ದರೂ ಮನೆಯವರ ಮೇಲೆ ದರ್ಪ, ಇದು ಅದರ ಚಿತ್ರ. ಹುಳು, ಮೂತ್ರ, ದರ್ಪ: ಇವನ್ನು ಕಟ್ಟುವ ದಾರ ಯಾವುದು? ಸಸ್ಯಶಾಸ್ತ್ರದ ಪ್ರಕಾರ ಲೈಕೊಪೋಡಿಯಮ್‌ನ ವಂಶ ಜರಿಯ ವಂಶದಿಂದ ಬೇರೆಯಾಗಿ 40 ಕೋಟಿ ವರ್ಷ ಕಳೆದಿದೆ. ಜರಿಗೆ ಅದಕ್ಕಿಂತ ಹತ್ತಿರದ ನೆಂಟರು ನಿಮ್ಮ ತೋಟದ ಕಾಫಿ ಗಿಡ, ಹಲಸಿನ ಮರ.

ಇನ್ನು ವೈದ್ಯರು ಹೇಳಿದ ಆ ಗುಣಗಳು. ನೆರಳಿನದು, ಮರೆಯಲ್ಲಿರುವುದು, ಮುದುಡಿದ್ದು, ಒಂಟಿ, ಹಳತು ಎಂದು ಜರಿಯನ್ನು ನೋಡದವರು ಹೇಳಬಹುದು.

ನೆರಳಿನ ಮಾತು ತೆಗೆದುಕೊಳ್ಳಿ. ಪ್ರಪಂಚದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜಾತಿಯ ಜರಿಗಳಿವೆ. ಬಿಸಿಲೆಯ ತೊರೆಯ ಪಕ್ಕ ಎರಡಾಳೆತ್ತರ ನಿಲ್ಲುವ ಮರಜರಿಗೆ ತಂಪು ಬೇಕು, ನಿಜ. ಬ್ರ್ಯಾಕನ್‌ಗೆ ಬೇಕಾದದ್ದು ಬಯಲು. ಬೆಂಕಿ ಬಿದ್ದ ಗುಡ್ಡದಲ್ಲಿ ಮೊದಲು ಏಳುವವರ ಪೈಕಿ ಅದೂ ಒಂದು, ತನ್ನ ರಸಾಯನದಿಂದ ಅಕ್ಕಪಕ್ಕದ ಗಿಡಗಳನ್ನು ಏಳದಂತೆ ತಡೆಯುತ್ತದೆ. ಘಾಟಿ ರಸ್ತೆಗೆಂದು ಕಡಿದ ಹಸಿ ಮಣ್ಣಿನ ಗೋಡೆಯ ಮೇಲೆ ಎಲೆಯಡಿ ಬಿಳಿ ಪುಡಿಯಿರುವ ಜರಿ ಬರುತ್ತದಲ್ಲ, ಮಕ್ಕಳು ಮುಂಗೈ ಮೇಲಿಟ್ಟು ತಟ್ಟಿ ಬೆಳ್ಳಿಯ ಅಚ್ಚು ಮೂಡಿಸಿಕೊಳ್ಳುವುದು? ಅದು ಅಮೆರಿಕ ಖಂಡದ ಉಷ್ಣ ನಾಡಿನಿಂದ ಬಂದು ನಮ್ಮ ಮಲೆನಾಡು ಪೂರ್ತಿ ಹಬ್ಬಿದ ಗಿಡ. ಸಂಕೋಚದ ಗಿಡ ಸಾಗರ ದಾಟಿ ಬಂದು ಇಷ್ಟು ಜಾಗ ಹಿಡಿಯುತ್ತಿತ್ತೇ? ಮಯೂರಶಿಖೆ ಎಂದು ಕರೆಯುವ ಪುಟ್ಟ ಜರಿ ಮಳೆ ಕಮ್ಮಿಯ ಬಯಲುಸೀಮೆಯ ಬಂಡೆ ಸಂದಿನಲ್ಲಿ ಸುಟ್ಟು ಸುರುಟಿ ಹೋದಂತೆ ಬೇಸಿಗೆ ಕಳೆದು, ಮಳೆ ಬಿದ್ದೊಡನೆ ಅದೇ ಎಲೆಗಳನ್ನು ಬಿಚ್ಚಿ ಹಸಿರಾಗುತ್ತದೆ. ಹಾಸನದ ಹೈನುಗಾರರು ಹಿತ್ತಲ ತೊಟ್ಟಿಯಲ್ಲಿ ಹಸುಗಳಿಗೆಂದು ಬೆಳೆಸುವ ಅಜೋಲ್ಲಾ ಕೂಡ ಜರಿಯೇ. ಹದವಾದ ನೀರು, ಗೊಬ್ಬರ ಸಿಕ್ಕರೆ ಒಂದು ವಾರದೊಳಗೆ ದುಪ್ಪಟ್ಟಾಗುತ್ತದೆ. ಎಲೆಯೊಳಗಿನ ನೀಲಿಹಸಿರು ಪಾಚಿಯ ನೆರವಿನಿಂದ ಗಾಳಿಯ ಸಾರಜನಕವನ್ನೇ ಆಹಾರ ಮಾಡಿಕೊಳ್ಳುತ್ತದೆ. ಇವರಲ್ಲಿ ಯಾರ ವ್ಯಕ್ತಿತ್ವವನ್ನು ‘ಜರಿಯ ವ್ಯಕ್ತಿತ್ವ’ ಎನ್ನೋಣ?

ಎಲೆಯಡಿ ಬಚ್ಚಿಡುತ್ತದೆ ಎಂಬುದು ನನ್ನನ್ನು ಹೆಚ್ಚು ಕೆಣಕಿದ ಮಾತು. ತೋಟದಲ್ಲಿ ಬಲಿತ ಜರಿ ಎಲೆಯೊಂದನ್ನು ಮಗುಚಿ ನೋಡಿ. ಸಾಲಾಗಿ ಕಂದು ಚುಕ್ಕೆಗಳಿರುತ್ತವೆ. ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ಹಿಡಿದರೆ ಪ್ರತಿ ಚುಕ್ಕೆಯೂ ತೊಟ್ಟುಳ್ಳ ಪುಟಾಣಿ ಚೀಲಗಳ ಗುಂಪು. ಒಂದೊಂದು ಚೀಲದೊಳಗೆ ಸಾಮಾನ್ಯವಾಗಿ 64 ಬೀಜಕಗಳು, ಅಂದರೆ ಜರಿ ಬೀಜದ ಬದಲು ಬಿಡುವ ಪುಡಿಯಂಥ ಕಣಗಳು. ಚೀಲದ ಬೆನ್ನಿನ ಮೇಲೆ ದಪ್ಪ ಗೋಡೆಯ ಜೀವಕೋಶಗಳ ಒಂದು ಪಟ್ಟಿ ಇದೆ. ಬಿಸಿಲು ಬಂದು ಗಾಳಿ ಒಣಗಿದಾಗ ಆ ಕೋಶಗಳ ನೀರು ಆರುತ್ತದೆ, ಪಟ್ಟಿ ಹಿಂದಕ್ಕೆ ಬಾಗುತ್ತಾ ಚೀಲವನ್ನು ಸೀಳುತ್ತದೆ. ಇನ್ನು ಬಾಗಲಾರದು ಎಂಬ ಕ್ಷಣದಲ್ಲಿ ಕೋಶದೊಳಗಿನ ನೀರಿನಲ್ಲಿ ಗುಳ್ಳೆಯೆದ್ದು, ಪಟ್ಟಿ ಕವಣೆಯಂತೆ ಮುಂದಕ್ಕೆ ಚಿಮ್ಮಿ ಬೀಜಕಗಳನ್ನು ಎಸೆಯುತ್ತದೆ. ವೇಗ ಸೆಕೆಂಡಿಗೆ ಸುಮಾರು 10 ಮೀಟರ್‌ವರೆಗೆ. ಎಲೆಯನ್ನು ಕಿತ್ತು ಮೇಜಿನ ದೀಪದಡಿ ಇಟ್ಟರೆ ಬೆಚ್ಚಗಾದಂತೆ ಚೀಲಗಳು ಒಂದೊಂದೇ ಸಿಡಿಯುವುದನ್ನು ಕನ್ನಡಿಯಲ್ಲಿ ಕಣ್ಣಾರೆ ನೋಡಬಹುದು. ಮಳೆಯ ಹನಿ ನೇರ ಬೀಳದ, ಗಾಳಿ ಆಡುವ ಎಲೆಯ ತಳ ಈ ಕೆಲಸಕ್ಕೆ ಹೇಳಿ ಮಾಡಿಸಿದ ಜಾಗ. ಬಚ್ಚಿಡುವ ಮಾತು ಎಲ್ಲಿಂದ ಬಂತು?

ಸುರುಳಿಯೂ ಅಷ್ಟೆ. ಎಳೆ ತುದಿ ಒಳಗೆ, ಗಟ್ಟಿಯಾದ ಭಾಗ ಹೊರಗೆ. ಬುಡದಿಂದ ಬೆಳೆದಂತೆ ಸುರುಳಿ ಬಿಚ್ಚುತ್ತಾ ಹೋಗುತ್ತದೆ. ಜರಿಯ ಜೀವನದಲ್ಲಿ ಅತ್ಯಂತ ಬಿರುಸಾಗಿ ಬೆಳೆಯುವ ದಿನಗಳು ಅವೇ.

ಒಂಟಿತನದ ಬಗ್ಗೆ ಒಂದು ಮಾತು ಹೇಳಬೇಕು, ಇದು ಬಹಳ ಜನಕ್ಕೆ ತಿಳಿಯದು. ಬೀಜಕ ಮೊಳೆತಾಗ ನೇರವಾಗಿ ಜರಿ ಹುಟ್ಟುವುದಿಲ್ಲ. ಒಂದು ಸೆಂಟಿಮೀಟರ್‌ಗಿಂತ ಚಿಕ್ಕದಾದ, ಹೃದಯದ ಆಕಾರದ, ತೆಳುವಾದ ಹಸಿರು ಬಿಲ್ಲೆ ಹುಟ್ಟುತ್ತದೆ. ಗಂಡು ಹೆಣ್ಣು ಅಂಗಗಳಿರುವುದು ಅದರಲ್ಲಿ. ಹಲವು ಜಾತಿಗಳಲ್ಲಿ ಮೊದಲು ಬೆಳೆದು ದೊಡ್ಡದಾದ ಬಿಲ್ಲೆ ಒಂದು ರಸಾಯನ ಬಿಡುತ್ತದೆ; ಅದು ತಾಕಿದ ಸುತ್ತಲಿನ ಕಿರಿಯ ಬಿಲ್ಲೆಗಳು ಗಂಡಾಗುತ್ತವೆ. ಆ ಗಂಡು ಕಣಗಳು ತೇವದ ಪದರದಲ್ಲಿ ಈಜಿ ಹೆಣ್ಣಂಗ ಮುಟ್ಟಿದರೆ ಹೊಸ ಜರಿ. ನೆರೆಹೊರೆಯವರ ಜೊತೆ ಇಷ್ಟು ಮಾತುಕತೆ ಇಟ್ಟುಕೊಂಡಿರುವ ಗಿಡಕ್ಕೆ ಒಂಟಿ ಎಂದರೆ ನನಗೆ ಬೇಸರವಾಗುತ್ತದೆ.

ಹಳೆಯದಕ್ಕೆ ಅಂಟಿಕೊಂಡಿದೆ ಎಂಬುದೂ ಅರ್ಧ ಸತ್ಯ. ಜರಿಯ ವಂಶ ಡೈನೊಸಾರ್‌ಗಿಂತ ಬಹಳ ಹಿಂದಿನದು. ಆದರೆ ಇಂದು ಬದುಕಿರುವ ಜಾತಿಗಳ ಬಹುಪಾಲು ಕವಲೊಡೆದದ್ದು ಹೂಬಿಡುವ ಮರಗಳ ಕಾಡು ಬೆಳೆದ ಮೇಲೆ. ಹೂಮರಗಳು ಬಿಸಿಲನ್ನೆಲ್ಲ ಹಿಡಿದಾಗ ಅವುಗಳ ಕೆಳಗೆ, ಕೊಂಬೆಯ ಮೇಲೆ ಹೊಸ ಬಾಳು ಕಟ್ಟಿಕೊಂಡವು. ಮಂದ ಬೆಳಕನ್ನು ಬಳಸಿಕೊಳ್ಳಲು ನೆರವಾಗುವ ಒಂದು ಜೀನ್ ಅವುಗಳಿಗೆ ಸಿಕ್ಕಿದ್ದು ತೀರಾ ಬೇರೆ ಕುಲದ, ಪಾಚಿಯಂಥ ಹಾರ್ನ್‌ವರ್ಟ್ ಎಂಬ ಸಸ್ಯದಿಂದ ಎಂದು 2014ರಲ್ಲಿ ತಿಳಿದುಬಂತು.

ಹಾಗಾದರೆ ವೈದ್ಯರ ಮಾತು ನಿಮ್ಮ ಮಗಳಿಗೆ ಅಷ್ಟು ಸರಿಯಾಗಿ ಹೊಂದಿದ್ದು ಹೇಗೆ? 1948ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞ ಬರ್ಟ್ರಮ್ ಫೋರರ್ ತನ್ನ 39 ವಿದ್ಯಾರ್ಥಿಗಳಿಗೆ ಪರೀಕ್ಷೆ ಕೊಟ್ಟು, ನಿಮ್ಮ ನಿಮ್ಮ ವ್ಯಕ್ತಿತ್ವ ಇದರಲ್ಲಿದೆ ಎಂದು ಒಬ್ಬೊಬ್ಬರಿಗೂ ಒಂದು ಹಾಳೆ ಕೊಟ್ಟ. ಎಷ್ಟು ಸರಿಯಿದೆ ಎಂದು 5ಕ್ಕೆ ಅಂಕ ಹಾಕಲು ಹೇಳಿದಾಗ ಸರಾಸರಿ 4.26 ಬಂತು. ಎಲ್ಲರಿಗೂ ಕೊಟ್ಟದ್ದು ಒಂದೇ ಬರಹ, ಜ್ಯೋತಿಷ್ಯದ ಪುಸ್ತಕದಿಂದ ತೆಗೆದದ್ದು. ಹದಿನೇಳನೇ ವಯಸ್ಸಿನಲ್ಲಿ ಎದ್ದು ಕಾಣಲು ಹಿಂಜರಿಯದ, ಒಂದಿಷ್ಟು ಮಾತು ಒಳಗೇ ಇಟ್ಟುಕೊಳ್ಳದ ಮಕ್ಕಳು ಎಷ್ಟಿದ್ದಾರೆ ಹೇಳಿ.

ಆ ವೈದ್ಯರು ಮಾಡಿದ್ದರಲ್ಲಿ ಒಂದು ಒಳ್ಳೆಯದಿದೆ, ಅದನ್ನು ತಳ್ಳಿಹಾಕುವುದಿಲ್ಲ. ಅವಸರವಿಲ್ಲದೆ ಕೂತು ಅವಳ ಮಾತು ಕೇಳಿದ್ದಾರೆ. ಈ ಕಾಲದಲ್ಲಿ ಅದೇ ದೊಡ್ಡದು, ಅದರಿಂದ ಮನಸ್ಸು ಹಗುರಾಗುವುದೂ ಉಂಟು. ಗುಳಿಗೆಯ ಬಗ್ಗೆ ಹೇಳಬೇಕೆಂದರೆ, ಆಸ್ಟ್ರೇಲಿಯಾದ ರಾಷ್ಟ್ರೀಯ ವೈದ್ಯ ಸಂಶೋಧನಾ ಮಂಡಳಿ 2015ರಲ್ಲಿ ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಜಾಲಾಡಿ, ಹೋಮಿಯೋಪತಿ ಗುಣಪಡಿಸುತ್ತದೆ ಎನ್ನಲು ನಂಬುವಂಥ ಪುರಾವೆ ಯಾವ ಕಾಯಿಲೆಗೂ ಇಲ್ಲ ಎಂದಿತು. ನನ್ನ ಭಯ ಗುಳಿಗೆಯದಲ್ಲ. ‘ಇವಳ ಸ್ವಭಾವವೇ ಹೀಗೆ, ಜರಿಯ ಹಾಗೆ’ ಎಂದು ಮನೆಯವರೆಲ್ಲ ಒಪ್ಪಿಕೊಂಡುಬಿಟ್ಟರೆ, ಇತ್ತೀಚೆಗೆ ಅವಳಲ್ಲಿ ಏನು ಬದಲಾಯಿತು ಎಂದು ಕೇಳುವುದನ್ನೇ ಬಿಡುತ್ತೀರಿ. ನೀವೇ ಬರೆದಿದ್ದೀರಿ, ‘ಈ ಸಲ ರಜೆಗೆ ಬಂದವಳು’ ಎಂದು. ಅಂದರೆ ಮುಂಚೆ ಹೀಗಿರಲಿಲ್ಲ. ಸ್ವಭಾವ ಒಂದು ರಜೆಯಲ್ಲಿ ಹುಟ್ಟುವುದಿಲ್ಲ. ಹಾಸ್ಟೆಲ್‌ನಲ್ಲಿ ಏನೋ ಆಗಿರಬಹುದು, ಓದಿನ ಹೆದರಿಕೆ ಇರಬಹುದು, ರಕ್ತಹೀನತೆಯೋ ಥೈರಾಯ್ಡ್ ತೊಂದರೆಯೋ ಇರಬಹುದು, ಖಿನ್ನತೆಯೂ ಇರಬಹುದು. ಎರಡು ವಾರ ದಾಟಿ ಹೀಗೇ ಇದ್ದರೆ ಎಂಬಿಬಿಎಸ್ ವೈದ್ಯರ ಹತ್ತಿರ ರಕ್ತಪರೀಕ್ಷೆ ಮಾಡಿಸಿ, ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜು ಹಿಮ್ಸ್‌ನಲ್ಲಿ ಮನೋವೈದ್ಯರಿಗೆ ತೋರಿಸಿ. ಅಲ್ಲಿಯವರೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲುರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಬದುಕುವುದು ಬೇಡ ಎಂಬರ್ಥದ ಮಾತು ಅವಳ ಬಾಯಿಂದ ಬಂದರೆ ಎರಡು ವಾರ ಕಾಯಬೇಡಿ, ಅವಳನ್ನು ಒಂಟಿಯಾಗಿ ಬಿಡಬೇಡಿ, ಅವತ್ತೇ ಹೊರಡಿ. ಏನಾಯಿತು ಎಂದು ನೀವೂ ಕೇಳಿ, ಬೈಯದೆ. ಉತ್ತರ ಬಾರದಿದ್ದರೆ ಮರುದಿನ ಮತ್ತೆ ಕೇಳಿ.

ಮಗಳು ಕೇಳಿದ್ದಕ್ಕೆ ಉತ್ತರ ಅವಳಿಗೇ ಬರೆಯುತ್ತೇನೆ. ಮಗಳೇ, ಕಂದು ಚುಕ್ಕೆ ಬಲಿತ ಎಲೆಯೊಂದನ್ನು ಕಿತ್ತು ಬಿಳಿ ಹಾಳೆಯ ಮೇಲೆ ಚುಕ್ಕೆ ಕೆಳಗಾಗುವಂತೆ ಇಟ್ಟು, ಇನ್ನೊಂದು ಹಾಳೆ ಮುಚ್ಚು. ಒಂದೆರಡು ದಿನಕ್ಕೆ ಹಾಳೆಯ ಮೇಲೆ ಎಲೆಯ ಆಕಾರದಲ್ಲೇ ಕಂದು ಪುಡಿ ಉದುರಿರುತ್ತದೆ. ಒಂದು ಇಟ್ಟಿಗೆ ಚೂರನ್ನು ಚೆನ್ನಾಗಿ ಕುದಿಸಿ ಆರಿಸಿ, ತಟ್ಟೆಯಲ್ಲಿಟ್ಟು, ಅರ್ಧ ಮುಳುಗುವಷ್ಟು ನೀರು ಹಾಕು. ಪುಡಿಯನ್ನು ಮೇಲೆ ತೆಳುವಾಗಿ ಉದುರಿಸಿ ಗಾಜಿನ ಪಾತ್ರೆ ಕವುಚಿ, ನೇರ ಬಿಸಿಲು ಬೀಳದ ಕಿಟಕಿಯ ಹತ್ತಿರ ಇಡು. ಕೆಲವು ವಾರಕ್ಕೆ ಹಸಿರು ಲೇಪ, ಎರಡು ಮೂರು ತಿಂಗಳಿಗೆ ನಾನು ಹೇಳಿದ ಹೃದಯದ ಬಿಲ್ಲೆಗಳು. ಆ ಹಂತಕ್ಕೆ ಬಂದ ಮೇಲೆ ಆಗಾಗ ಸಣ್ಣಗೆ ನೀರು ಚಿಮುಕಿಸು, ಗಂಡು ಕಣ ಈಜಲು ಬೇಕು. ಒಂದು ಬಿಲ್ಲೆ ಕಿತ್ತು ಅಡಿಭಾಗವನ್ನು ಕಾಲೇಜಿನ ಸೂಕ್ಷ್ಮದರ್ಶಕದಲ್ಲಿ ನೋಡು, ಬಯಾಲಜಿ ಲ್ಯಾಬಿನಲ್ಲಿ ಕೇಳಿದರೆ ಕೊಡುತ್ತಾರೆ. ಹಾಕುವ ನೀರನ್ನು ಪ್ರತಿ ಸಲವೂ ಕುದಿಸಿ ಆರಿಸಿಯೇ ಹಾಕಬೇಕು. ಇಲ್ಲದಿದ್ದರೆ ಪಾಚಿ ಹಿಡಿದು ಬಿಲ್ಲೆಗಳನ್ನು ಮುಚ್ಚಿಬಿಡುತ್ತದೆ.